ಕೇಳಿ ನೋಡಿ: ನಡುಗುವ ಶೆಡ್ಡು, ಹಾಡುವ ಕಂಬ

ಪ್ರಶ್ನೆ: ಸರ್, ಗಂಗಾವತಿ ಹತ್ತಿರ ನಮ್ಮದೊಂದು ಸಣ್ಣ ರೈಸ್ ಮಿಲ್ ಇದೆ. ಹೊಟ್ಟು ಎಳೆಯುವ ಬ್ಲೋವರ್ ಆನ್ ಮಾಡಿದರೆ ಮೊದಲೆಲ್ಲ ನಡುವೆ ಎರಡು ಸೆಕೆಂಡ್ ಗಡಗಡ ಅಂದು ಆಮೇಲೆ ಸುಮ್ಮನಾಗುತ್ತಿತ್ತು. ಆಫ್ ಮಾಡಿದಾಗಲೂ ಹಾಗೇ. ಹೋದ ತಿಂಗಳು ಮೋಟರಿನ 8 ಇಂಚಿನ ಪುಲ್ಲಿ ಒಡೆಯಿತು, ಸೀಸನ್ ಟೈಮು, ಕೈಗೆ ಸಿಕ್ಕ 5 ಇಂಚಿನದು ಹಾಕಿದೆವು. ಫ್ಯಾನಿನ ಕಡೆ ಹಳೇ 6 ಇಂಚಿನದೇ ಇದೆ. ಈಗ ನಡುಕ ನಿಲ್ಲುವುದೇ ಇಲ್ಲ, ಮೇಲಿನ ತಗಡು ಕೂಡ ಕುಣಿಯುತ್ತದೆ. ಬೋಲ್ಟ್ ಎಲ್ಲ ಬಿಗಿ ಮಾಡಿಸಿದ್ದಾಯಿತು. ಫೌಂಡೇಶನ್ ಒಡೆದು ಹೊಸದು ಹಾಕಬೇಕು ಅನ್ನುತ್ತಾನೆ ಫಿಟ್ಟರ್. ಹೌದಾ?

ಉತ್ತರ: ಫೌಂಡೇಶನ್ನಿಗೆ ಸದ್ಯ ಕೈ ಹಾಕಬೇಡಿ. ರೋಗ ಏನು ಅಂತ ನಿಮ್ಮ ಪತ್ರದಲ್ಲೇ ಇದೆ.

ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತೀರಲ್ಲ, ಅದನ್ನು ನೆನಪಿಸಿಕೊಳ್ಳಿ. ಹಗ್ಗ 4 ಮೀಟರ್ ಇದ್ದರೆ ಒಮ್ಮೆ ಹೋಗಿ ಬರುವುದಕ್ಕೆ ಸುಮಾರು 4 ಸೆಕೆಂಡ್ ಬೇಕು. ಕೂತದ್ದು ಮಗುವೋ ದೊಡ್ಡವರೋ, ಹೆಚ್ಚುಕಡಿಮೆ ಅಷ್ಟೇ. ಇದು ಆ ಜೋಕಾಲಿಯ ಸ್ವಂತ ಲಯ, ಪುಸ್ತಕದಲ್ಲಿ ಸಹಜ ಆವೃತ್ತಿ ಅಂತಾರೆ. ಲಯ ನೋಡಿಕೊಂಡು ಜೀಕಿದರೆ ಎಂಟು ವರ್ಷದ ಹುಡುಗಿಯೂ ಟೊಂಗೆ ಮುಟ್ಟಿ ಬರುತ್ತಾಳೆ, ಲಯ ತಪ್ಪಿ ನೂಕಿದರೆ ಪೈಲ್ವಾನನಿಗೂ ಅದು ಏರುವುದಿಲ್ಲ. ಸಣ್ಣ ಸಣ್ಣ ನೂಕು ಸರಿಯಾದ ಹೊತ್ತಿಗೆ ಬೀಳುತ್ತಾ ಒಂದರ ಮೇಲೊಂದು ಸೇರಿಕೊಳ್ಳುವುದಕ್ಕೇ ಅನುರಣನೆ, ಅಂದರೆ ರೆಸೋನೆನ್ಸ್ ಅನ್ನುವುದು.

ನಿಮ್ಮ ಬ್ಲೋವರ್ ಕೂತಿರುವ ಕಬ್ಬಿಣದ ಫ್ರೇಮಿಗೂ ಹೀಗೇ ಒಂದು ಲಯ ಇದೆ. ಫ್ಯಾನು ಎಷ್ಟೇ ನೀಟಾಗಿದ್ದರೂ ಒಂದು ಕಡೆ ಚೂರು ಭಾರ ಇದ್ದೇ ಇರುತ್ತದೆ, ಪ್ರತಿ ಸುತ್ತಿಗೂ ಅದು ಫ್ರೇಮನ್ನು ಒಮ್ಮೆ ನೂಕುತ್ತದೆ. ಮೋಟರ್ ಎಲ್ಲರ ಹತ್ತಿರ ಇರುವಂಥ 1440 ಆರ್‌ಪಿಎಂನದು ಅಂತ ಇಟ್ಟುಕೊಳ್ಳೋಣ. ಮೋಟರಿನ ಪುಲ್ಲಿ ಫ್ಯಾನಿನ ಪುಲ್ಲಿಯ ಎಷ್ಟು ಪಟ್ಟೋ, ಫ್ಯಾನು ಮೋಟರಿನ ಅಷ್ಟು ಪಟ್ಟು ಜೋರಾಗಿ ತಿರುಗುತ್ತದೆ. 8 ಇಂಚಿನ ಪುಲ್ಲಿ ಇದ್ದಾಗ ಫ್ಯಾನು ನಿಮಿಷಕ್ಕೆ 1920 ಸುತ್ತು ತಿರುಗುತ್ತಿತ್ತು, ಅಂದರೆ ಸೆಕೆಂಡಿಗೆ 32 ನೂಕು. ಈಗ 5 ಇಂಚಿನದರಲ್ಲಿ 1200 ಸುತ್ತು, ಸೆಕೆಂಡಿಗೆ 20. ನನ್ನ ಊಹೆ, ನಿಮ್ಮ ಫ್ರೇಮಿನ ಲಯವೂ ಆ 20ರ ಆಸುಪಾಸಿನಲ್ಲೇ ಇದೆ. ಮೊದಲು ಫ್ಯಾನು 32ಕ್ಕೆ ಏರುವಾಗ ಈ ಜಾಗ ದಾಟಿ ಹೋಗುತ್ತಿತ್ತು, ಆ ಎರಡು ಸೆಕೆಂಡಿನ ಗಡಗಡ ಅದೇ. ಈಗ ನೀವು ಅದನ್ನು ಸರಿಯಾಗಿ ಆ ಜಾಗದಲ್ಲೇ ತಂದು ಕೂರಿಸಿದ್ದೀರಿ. ಮನೆಯ ವಾಷಿಂಗ್ ಮಷಿನ್ ಬಟ್ಟೆ ಹಿಂಡುವಾಗ ನಡುವೆ ಒಮ್ಮೆ ಹುಚ್ಚೆದ್ದು ಆಮೇಲೆ ತಣ್ಣಗಾಗುತ್ತಲ್ಲ, ಅದರ ಅಣ್ಣ ಇದು.

ಹೊಟ್ಟು ಸರಿಯಾಗಿ ಎಳೆಯುತ್ತಿಲ್ಲ ಅಂತಲೂ ನಿಮಗೆ ಅನ್ನಿಸಿರಬೇಕು, ಪತ್ರದಲ್ಲಿ ಬರೆದಿಲ್ಲ. ಫ್ಯಾನಿನ ಗಾಳಿ ಅದರ ಸ್ಪೀಡಿನಷ್ಟೇ ಇಳಿಯುತ್ತದೆ, ಹಾಗಾಗಿ ಈಗ ಮೊದಲಿನ ಮೂರರಲ್ಲಿ ಎರಡು ಪಾಲೂ ಬರುತ್ತಿಲ್ಲ. ಒಟ್ಟಿನಲ್ಲಿ 8 ಇಂಚಿನ ಪುಲ್ಲಿಯನ್ನೇ ತಂದು ಹಾಕಿ. ಅದಕ್ಕೂ ಮೊದಲು ಕರೆಂಟ್ ಪೂರ್ತಿ ತೆಗೆದು ಫ್ಯಾನಿನ ರೆಕ್ಕೆ ಕೆರೆದು ನೋಡಿ, ಒಂದು ರೆಕ್ಕೆಗೆ ದೂಳು ಗಟ್ಟಿಯಾಗಿ ಅಂಟಿದ್ದರೂ ನೂಕಿನ ಜೋರು ಎಷ್ಟೋ ಪಟ್ಟು ಜಾಸ್ತಿಯಾಗುತ್ತದೆ. ಇಷ್ಟಾದ ಮೇಲೂ ನಡುಗಿದರೆ ಬೇರಿಂಗ್, ಬೆಲ್ಟ್, ಆಮೇಲೆ ಬೇಕಾದರೆ ಫೌಂಡೇಶನ್. ಇನ್ನು ಕೆಲವರು ಆ್ಯಂಗಲ್ ಬೆಸುಗೆ ಹಾಕಿ ಫ್ರೇಮನ್ನು ಗಟ್ಟಿ ಮಾಡುತ್ತಾರೆ. ಅದೂ ದಾರಿಯೇ, ಗಟ್ಟಿಯಾದಷ್ಟೂ ಲಯ ಮೇಲೇರುತ್ತದೆ, ಆದರೆ ಆವೃತ್ತಿ ಎರಡು ಪಟ್ಟಾಗಬೇಕಾದರೆ ಬಿಗಿ ನಾಲ್ಕು ಪಟ್ಟಾಗಬೇಕು. ಅರ್ಧಂಬರ್ಧ ಬೆಸುಗೆ ಹಾಕಿ ಲಯ 20ರಿಂದ 30ಕ್ಕೆ ಹೋಯಿತು ಅನ್ನಿ, ಮುಂದೆ ಹಳೇ ಪುಲ್ಲಿ ಹಾಕಿದ ದಿನ ಮತ್ತೆ ಇದೇ ಕುಣಿತ!

ಪ್ರಶ್ನೆ: ಹಂಪಿಯ ವಿಠ್ಠಲ ದೇವಸ್ಥಾನದ ಕಂಬಗಳಲ್ಲಿ ಸಂಗೀತ ಬರುವುದು ಒಳಗೆ ಟೊಳ್ಳು ಇರುವುದಕ್ಕಂತೆ, ನಿಜವಾ? (ಸಿರುಗುಪ್ಪದಿಂದ)

ಉತ್ತರ: ಟೊಳ್ಳಿಲ್ಲ. ತಮಿಳುನಾಡಿನ ಕಲ್ಪಾಕ್ಕಂನಲ್ಲಿರುವ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಕ್ಕೆ ಏಟಾಗದಂಥ ವಿಧಾನಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ, ಒಳಗೂ ಗಟ್ಟಿ ಕಲ್ಲೇ. ತೆಳ್ಳಗಿನ ಕಲ್ಲಿನ ಕಂಬವನ್ನು ತಟ್ಟಿದರೆ ಅದು ಕಣ್ಣಿಗೆ ಕಾಣದಷ್ಟು ಬಾಗಿ ಬಾಗಿ ಕಂಪಿಸುತ್ತದೆ. ಉದ್ದ ಜಾಸ್ತಿಯಾದರೆ ದನಿ ದಪ್ಪ, ಕಂಬ ದಪ್ಪವಾದರೆ ದನಿ ಸಣ್ಣ. ಅದೂ ಲೆಕ್ಕ ಬಲು ಬಿಗಿ, ಒಂದೇ ದಪ್ಪದ ಕಂಬದ ಉದ್ದ ಎರಡು ಪಟ್ಟಾದರೆ ಆವೃತ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಈ ಸೂತ್ರ ಯಾರೂ ಬರೆದಿಟ್ಟಿರದ ಕಾಲದಲ್ಲಿ ಉಳಿ ಹಿಡಿದವರು ಕಿವಿಯಿಂದಲೇ ಇದನ್ನು ಸಾಧಿಸಿರಬೇಕು ಅಂತ ನನಗನ್ನಿಸುತ್ತದೆ. ಹಾಂ, ಈಗ ತಟ್ಟುವುದಕ್ಕೆ ಬಿಡುವುದಿಲ್ಲ, ಬಿಡಲೂಬಾರದು.

ಪ್ರಶ್ನೆ: ನಾನು ರಾಯಚೂರಿನಲ್ಲಿ ಪಿಯುಸಿ ಓದುತ್ತಿದ್ದೇನೆ. ಅಮೆರಿಕದ ಟಕೋಮಾ ಸೇತುವೆ ಗಾಳಿಯ ಅನುರಣನೆಯಿಂದ ಬಿತ್ತು ಅಂತ ನೋಟ್ಸಿನಲ್ಲಿದೆ. ಅಣ್ಣ ಅದು ತಪ್ಪು ಅಂತಾನೆ. ಯಾರು ಸರಿ?

ಉತ್ತರ: ಅಣ್ಣ ಸರಿ, ತಮ್ಮಾ. ಪರೀಕ್ಷೆಯಲ್ಲಿ ಏನು ಬರೆಯಬೇಕು ಅನ್ನುವುದನ್ನು ಮಾತ್ರ ನಿಮ್ಮ ಮೇಷ್ಟ್ರನ್ನೇ ಕೇಳು!

ಆ ಸೇತುವೆ 1940ರ ಜುಲೈನಲ್ಲಿ ಶುರುವಾಗಿ ನವೆಂಬರ್ 7ಕ್ಕೆ ಬಿತ್ತು. ಅವತ್ತು ಗಾಳಿ ಗಂಟೆಗೆ 64 ಕಿ.ಮೀ. ಆಸುಪಾಸು, ಜೋರು ಗಾಳಿಯೇ, ಆದರೆ ಸೇತುವೆ ಕಿತ್ತೊಗೆಯುವಂಥದ್ದೇನಲ್ಲ. ಅನುರಣನೆಯಲ್ಲಿ ಹೊರಗಿನವರು ಯಾರೋ ತಾಳ ಹಿಡಿದು ನೂಕುತ್ತಾರೆ. ಇಲ್ಲಿ ಗಾಳಿಗೆ ತಾಳವೇ ಇರಲಿಲ್ಲ, ಅದು ಒಂದೇ ಸಮ ಬೀಸುತ್ತಿತ್ತು. ತೆಳ್ಳಗಿನ ಸೇತುವೆ ಚೂರು ತಿರುಚಿಕೊಂಡಿತು, ತಿರುಚಿದ್ದಕ್ಕೆ ಗಾಳಿಯ ಒತ್ತಡ ಬದಲಾಯಿತು, ಬದಲಾದ ಒತ್ತಡ ಅದನ್ನು ಇನ್ನಷ್ಟು ತಿರುಚಿತು. ಜಾತ್ರೆಯ ಬಾವುಟ ಸಮನಾದ ಗಾಳಿಯಲ್ಲೂ ಪಟಪಟ ಅನ್ನುತ್ತದಲ್ವಾ, ಆ ಜಾತಿಯದು. ಎಂಜಿನಿಯರುಗಳು ಫ್ಲಟರ್ ಅಂತಾರೆ. ಸತ್ತಿದ್ದು ಕಾರಿನೊಳಗೆ ಉಳಿದುಹೋದ ಒಂದು ನಾಯಿ, ಪಾಪ.

ಹೀಗೇ ತನ್ನ ಓಲಾಟಕ್ಕೆ ತಾನೇ ನೂಕು ತಂದುಕೊಂಡ ಇನ್ನೊಂದು ಸೇತುವೆ ಲಂಡನ್ನಿನ ಮಿಲೇನಿಯಂ ಕಾಲುಸೇತುವೆ. 2000ದ ಜೂನ್ 10ಕ್ಕೆ ತೆರೆದು ಎರಡೇ ದಿನಕ್ಕೆ ಮುಚ್ಚಿದರು. ಸೇತುವೆ ಅಡ್ಡಡ್ಡ ಓಲಾಡಿತು, ಬೀಳಬಾರದು ಅಂತ ಜನ ಕಾಲು ಅಗಲಿಸಿ ಓಲಾಟಕ್ಕೆ ಸರಿಯಾಗಿ ಹೆಜ್ಜೆ ಇಟ್ಟರು, ಆ ಹೆಜ್ಜೆಯೇ ಅದನ್ನು ಇನ್ನೂ ಜೀಕಿತು. ಓಲಾಟ ಹೀರುವ ಡ್ಯಾಂಪರುಗಳನ್ನು ಕೂರಿಸಿ 2002ರಲ್ಲಿ ಮತ್ತೆ ತೆರೆದರು.

ಪ್ರಶ್ನೆ: ನಲ್ಲಿ ಕೆಳಗೆ ಕೊಡ ಇಟ್ಟರೆ ತುಂಬುತ್ತಾ ತುಂಬುತ್ತಾ ಸದ್ದು ಯಾಕೆ ಸಣ್ಣಗಾಗುತ್ತದೆ? (ಕೊಪ್ಪಳದ ಗೃಹಿಣಿ)

ಉತ್ತರ: ಅಕ್ಕಾ, ಆ ಸದ್ದಿನಲ್ಲಿ ನೀರಿಗಿಂತ ಗಾಳಿಯ ಪಾಲೇ ಹೆಚ್ಚು. ಬೀಳುವ ನೀರು ಎಲ್ಲಾ ಥರದ ಗದ್ದಲ ಮಾಡುತ್ತದೆ, ಕೊಡದ ಖಾಲಿ ಜಾಗದ ಗಾಳಿ ಅದರಲ್ಲಿ ತನ್ನ ಲಯಕ್ಕೆ ಹೊಂದುವುದನ್ನು ಮಾತ್ರ ಆರಿಸಿ ಜೋರು ಮಾಡುತ್ತದೆ. ನೀರು ಏರಿದಂತೆ ಗಾಳಿಯ ಜಾಗ ಕಮ್ಮಿ, ದನಿ ಸಣ್ಣ. ತಳ ಮುಚ್ಚಿದ ನೇರ ಪೈಪಿನಲ್ಲಾದರೆ 30 ಸೆಂ.ಮೀ. ಗಾಳಿಗೆ ಸೆಕೆಂಡಿಗೆ ಸುಮಾರು 285 ಕಂಪನ, 10 ಸೆಂ.ಮೀ. ಉಳಿದಾಗ ಅದರ ಮೂರು ಪಟ್ಟು. ಕೊಡಕ್ಕೆ ಕುತ್ತಿಗೆ ಇರುವುದರಿಂದ ಲೆಕ್ಕ ಬೇರೆ, ಆದರೆ ನಡೆ ಇದೇ. ನಮ್ಮವ್ವ ಒಲೆ ಮುಂದೆ ಕೂತೇ "ಕೊಡ ತುಂಬ್ತು ನೋಡ್ರೋ" ಅಂತ ಕೂಗುತ್ತಿದ್ದಳು. ಓಡಿ ಹೋಗಿ ನೋಡಿದರೆ ಕಂಠಕ್ಕೆ ಇನ್ನು ಎರಡು ಬೆರಳು ಬಾಕಿ.