ಆಶ್ರಯ ಕೊಟ್ಟವರು ಮುಳ್ಳುತಂತಿ ಯಾಕೆ ಹಾಕಿದರು?

ತುಮಕೂರಿನ ಓದುಗರೊಬ್ಬರ ಪತ್ರ: ‘ಎರಡನೇ ಮಹಾಯುದ್ಧದಲ್ಲಿ ಸ್ವಿಟ್ಜರ್ಲೆಂಡ್ ಪೋಲಿಷ್ ಸೈನಿಕರಿಗೆ ಆಶ್ರಯ ಕೊಟ್ಟಿತು ಎಂದು ಬರೆದಿದ್ದೀರಿ. ಆಶ್ರಯ ಅಂದಮೇಲೆ ಮುಳ್ಳುತಂತಿ, ಕಾವಲು ಯಾಕೆ? ಜೊತೆಗೆ ಬಂದ ಫ್ರೆಂಚರನ್ನು ಬೇಗ ಮನೆಗೆ ಕಳಿಸಿ, ಇವರನ್ನು ಮಾತ್ರ ಯುದ್ಧ ಮುಗಿಯುವವರೆಗೆ ಇಟ್ಟುಕೊಂಡದ್ದು ಅನ್ಯಾಯ ಅಲ್ವಾ? ಕೊನೆಗೆ ಅವರು ಊರಿಗೆ ಹೋದರಾ?’

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದಷ್ಟೂ ಸ್ವಿಸ್ ಸರ್ಕಾರದ ಮೇಲೆ ಬೀಳಬಾರದು.

1939ರಲ್ಲಿ ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಪೋಲೆಂಡನ್ನು ಹಂಚಿಕೊಂಡವು. ತಪ್ಪಿಸಿಕೊಂಡ ಸೈನಿಕರೂ ಫ್ರಾನ್ಸಿನಲ್ಲಿ ಮೊದಲೇ ನೆಲೆಸಿದ್ದ ಪೋಲಿಷ್ ಕುಟುಂಬಗಳ ಹುಡುಗರೂ ಸೇರಿ ಅಲ್ಲಿ ಹೊಸ ಸೈನ್ಯ ಕಟ್ಟಿದರು. ಅದರ ಎರಡನೇ ಡಿವಿಷನ್‌ಗೆ ಜನರಲ್ ಪ್ರುಗಾರ್-ಕೆಟ್ಲಿಂಗ್ ದಂಡನಾಯಕರು. 1940ರ ಜೂನ್‌ನಲ್ಲಿ ಫ್ರಾನ್ಸ್ ಕುಸಿದಾಗ ಈ ಡಿವಿಷನ್ನಿನ ಎದುರಿಗೆ ಜರ್ಮನ್ನರು, ಬೆನ್ನಿಗೆ ಸ್ವಿಸ್ ಗಡಿ. ಜೂನ್ 19, 20ರಂದು 12 ಸಾವಿರಕ್ಕೂ ಹೆಚ್ಚು ಪೋಲರು ಗಡಿ ದಾಟಿ ಆಯುಧ ಒಪ್ಪಿಸಿದರು. ಈ ಡಿವಿಷನ್ ಸೇರಿದ್ದ ದೊಡ್ಡ ಪಡೆಯ ಫ್ರೆಂಚರು ಇನ್ನೂ ಜಾಸ್ತಿ ಇದ್ದರು.

ಇಲ್ಲಿಂದ ಮುಂದೆ ಕಾನೂನು. ಯಾರ ಕಡೆಗೂ ಸೇರದ ದೇಶದೊಳಗೆ ಯುದ್ಧನಿರತ ಸೈನ್ಯ ಬಂದರೆ, ಅದನ್ನು ರಣರಂಗದಿಂದ ದೂರ ಇಟ್ಟು, ಊಟ ಬಟ್ಟೆ ಕೊಟ್ಟು, ಮತ್ತೆ ಹೋರಾಡದ ಹಾಗೆ ತಡೆಯಬೇಕು. 1907ರ ಹೇಗ್ ಒಪ್ಪಂದ ಹೀಗೆ ಹೇಳುತ್ತದೆ. ಇವರು ಯುದ್ಧಕೈದಿಗಳಲ್ಲ. ಅದೇ ಯುದ್ಧದಲ್ಲಿ ಬೆಂಗಳೂರಿನ ಶಿಬಿರಗಳಲ್ಲಿದ್ದ ಇಟಾಲಿಯನ್ನರು ಶತ್ರುವಾದ ಬ್ರಿಟಿಷರ ಕೈಗೆ ಸಿಕ್ಕ ಯುದ್ಧಕೈದಿಗಳು. ಈ ಪೋಲರು ತಾವಾಗಿ ಬಂದವರು. ಆದರೂ ಬಿಟ್ಟು ಕಳಿಸುವ ಹಾಗಿರಲಿಲ್ಲ. ಬಿಟ್ಟಿದ್ದರೆ ಸ್ವಿಟ್ಜರ್ಲೆಂಡ್ ಒಂದು ಕಡೆಗೆ ವಾಲಿತು ಅಂತ ಜರ್ಮನಿ ತಗಾದೆ ತೆಗೆಯುತ್ತಿತ್ತು.

ಫ್ರೆಂಚರ ವಿಷಯಕ್ಕೂ ಉತ್ತರ ಇಲ್ಲೇ ಇದೆ. ಅವರ ಸರ್ಕಾರ ಜರ್ಮನಿಯ ಜೊತೆ ಕದನವಿರಾಮಕ್ಕೆ ಸಹಿ ಹಾಕಿತ್ತು. ಹಾಗಾಗಿ 1941ರ ಆರಂಭದಲ್ಲೇ ಅವರು ಮನೆಗೆ ಹೋದರು. ಪೋಲೆಂಡ್ ಸರ್ಕಾರ ಲಂಡನ್ನಿನಲ್ಲಿ ಕೂತು ಯುದ್ಧ ಮುಂದುವರಿಸಿತ್ತು. ಸೋಲೊಪ್ಪದ್ದಕ್ಕೇ ಈ ಸೈನಿಕರು ಒಳಗೆ ಉಳಿಯಬೇಕಾಯಿತು. ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಲಕುವುದು ಇದೇ.

ಹಾಗಂತ ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟುವುದೂ ಸರಿಯಲ್ಲ. ಆರೆ ನದಿ ದಂಡೆಯ ಬ್ಯೂರೆನ್‌ನಲ್ಲಿ ಸಾವಿರಾರು ಜನರನ್ನು ಒಂದೇ ಕಡೆ ತುಂಬಲು ಮುಳ್ಳುತಂತಿಯ ದೊಡ್ಡ ಶಿಬಿರ ಕಟ್ಟಿದರು. ಅಷ್ಟು ಜನರನ್ನು ಹಾಗೆ ಕೂಡಿಹಾಕಿ ಅಂತ ಯಾವ ಒಪ್ಪಂದವೂ ಹೇಳಿರಲಿಲ್ಲ. ಕಾವಲು ಸುಲಭವಾಗಲಿ ಅನ್ನುವ ಲೆಕ್ಕಾಚಾರ ಅದು. ಅಲ್ಲಿ ಅಸಮಾಧಾನ ಎಷ್ಟಾಯಿತೆಂದರೆ ಅಧಿಕಾರಿಗಳೇ ಅದನ್ನು ಕೈಬಿಟ್ಟು, ಪೋಲರನ್ನು ಸಣ್ಣ ಸಣ್ಣ ಶಿಬಿರಗಳಿಗೆ ಹಂಚಿದರು. 1941ರ ನವೆಂಬರಿನಲ್ಲಿ ಊರ ಜನರಿಗೆ ಕಿತ್ತಳೆ ಬಣ್ಣದ ಕಾಗದದಲ್ಲಿ ಒಂದು ಆದೇಶ ಬಂತು. ಇವರಿಗೆ ದುಡ್ಡು ಕೊಡಬೇಡಿ, ಸೈಕಲ್ ಕೊಡಬೇಡಿ, ಮದುವೆಯ ಮಾತಂತೂ ಬೇಡವೇ ಬೇಡ. ಎರಡು ಜೀವಗಳು ಮೆಚ್ಚಿಕೊಂಡರೆ ದೇಶದ ತಟಸ್ಥ ನೀತಿಗೆ ಏನು ಕೇಡು? ಇಲ್ಲಿ ನಿಮ್ಮ ಸಿಟ್ಟೇ ನನ್ನದೂ.

ಜನ ಆದೇಶವನ್ನು ಪೂರ್ತಿ ಪಾಲಿಸಲಿಲ್ಲ. ಸ್ನೇಹಗಳಾದವು, ಮದುವೆಗಳೂ ಆದವು. ವಿದೇಶಿಯನ್ನು ಮದುವೆಯಾದ ಹೆಣ್ಣುಮಕ್ಕಳು ಆಗಿನ ಕಾನೂನಿನಂತೆ ಸ್ವಿಸ್ ಪೌರತ್ವವನ್ನೇ ಕಳೆದುಕೊಂಡರು.

ಒಳ್ಳೆಯದನ್ನೂ ಹೇಳಲೇಬೇಕು. ವಿಂಟರ್‌ಟೂರ್, ಫ್ರೀಬೂರ್‌ಗಳಲ್ಲಿ ಈ ಸೈನಿಕರಿಗಾಗಿಯೇ ವಿಶ್ವವಿದ್ಯಾಲಯ ಶಿಬಿರಗಳು ನಡೆದವು. ಯುದ್ಧದಿಂದ ಓದು ನಿಂತಿದ್ದ ಹುಡುಗರು ಎಂಜಿನಿಯರಿಂಗ್ ಪದವಿ ಪಡೆದರು, ಕೆಲವರು ಡಾಕ್ಟರೇಟ್ ಕೂಡ. ಉಳಿದವರು ಬೆಟ್ಟಗಳಲ್ಲಿ ರಸ್ತೆ, ಸೇತುವೆ ಕಟ್ಟಿದರು, ಜೌಗು ನೆಲ ಬಸಿದು ಹೊಲ ಮಾಡಿದರು. ಅಲ್ಲಿನ ಹಲವು ದಾರಿಗಳಿಗೆ ಇಂದಿಗೂ ಪೋಲರ ಹೆಸರಿದೆ.

ಊರಿಗೆ ಹೋದರಾ ಅಂದಿರಿ. ಕೆಲವರು ಯುದ್ಧ ಮುಗಿಯುವ ಮೊದಲೇ ತಪ್ಪಿಸಿಕೊಂಡು ಮತ್ತೆ ಹೋರಾಟಕ್ಕೆ ಸೇರಿದ್ದರು. 1945ರಲ್ಲಿ ದಾರಿ ತೆರೆದಾಗ ಪೋಲೆಂಡ್ ಸೋವಿಯತ್ ಹಿಡಿತದಲ್ಲಿತ್ತು. ಹಲವರು ಅಲ್ಲಿಗೆ ಹೋಗಲು ಹಿಂಜರಿದು ಫ್ರಾನ್ಸ್ ಸೇರಿದರು ಅಥವಾ ಸ್ವಿಟ್ಜರ್ಲೆಂಡಿನಲ್ಲೇ ಉಳಿದರು. ಜನರಲ್ ಪ್ರುಗಾರ್-ಕೆಟ್ಲಿಂಗ್ ಪೋಲೆಂಡಿಗೆ ಮರಳಿದರು. 1948ರಲ್ಲಿ ಅಲ್ಲೇ ತೀರಿಕೊಂಡರು.