ಸಿಟ್ಟು ಸರಿ, ಆದರೆ ಯಾವ ದುಡ್ಡಿನ ಮೇಲೆ?

ಓದುಗರ ಪತ್ರ: ‘ಇಂಡಿಯಾನಾ ವಿಶ್ವವಿದ್ಯಾಲಯ ಅಮೆರಿಕದ ಕಾಲೇಜ್ ಫುಟ್‌ಬಾಲ್ ಚಾಂಪಿಯನ್ ಆದದ್ದನ್ನು ಕಳೆದ ಸಂಚಿಕೆಯಲ್ಲಿ ಬಡವರ ಗೆಲುವು ಎಂಬಂತೆ ಬರೆದಿದ್ದೀರಿ. ನನ್ನ ಮಗಳು ಪುಲ್‌ಮನ್ ಊರಿನ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಅಲ್ಲಿ ಕೂತು ನಾವು ಕಂಡದ್ದೇ ಬೇರೆ. ಆಟಗಾರರಿಗೆ ಸಂಬಳ ಕೊಡಲು ಶುರುಮಾಡಿದ ದಿನವೇ ಆಟ ಕೆಟ್ಟಿತು. ಮೊದಲು ಎಲ್ಲರೂ ಒಂದೇ ಗೆರೆಯಿಂದ ಓಡುತ್ತಿದ್ದರು. ಈಗ ದುಡ್ಡೇ ದೊಡ್ಡಪ್ಪ. ಇದನ್ನು ಇನ್ನೂ ಸ್ಪರ್ಧೆ ಎನ್ನುತ್ತೀರಾ?’

ನಮಸ್ಕಾರ.

‘ಬಡವರ ಗೆಲುವು’ ಎಂಬ ಮಾತನ್ನು ನಾನು ಬರೆದಿರಲಿಲ್ಲ. ಆದರೆ ಆ ಟಿಪ್ಪಣಿಯನ್ನು ಮತ್ತೆ ತೆಗೆದು ನೋಡಿದಾಗ, ನಿಮಗೆ ಹಾಗನ್ನಿಸಿದ್ದರಲ್ಲಿ ತಪ್ಪೇನಿಲ್ಲ ಎಂದು ಗೊತ್ತಾಯಿತು. ಸೋತು ಸುಣ್ಣವಾಗಿದ್ದ ತಂಡವೊಂದು ಗೆದ್ದಾಗ ಬರೆಯುವವನ ಕೈ ಸ್ವಲ್ಪ ಸಡಿಲವಾಗುತ್ತದೆ. ಇಂಡಿಯಾನಾ ಗೆಲುವಿನ ಲೆಕ್ಕದಲ್ಲಿ ಬಡವನಾಗಿತ್ತೇ ಹೊರತು ಗಂಟಿನ ಲೆಕ್ಕದಲ್ಲಿ ಅಲ್ಲ. ಅದು ಬಿಗ್ ಟೆನ್ ಎಂಬ ಕೂಟಕ್ಕೆ ಶತಮಾನಕ್ಕೂ ಹಿಂದೆಯೇ ಸೇರಿದ ಸದಸ್ಯ. 2023ರಲ್ಲಿ ಹನ್ನೆರಡು ಪಂದ್ಯಗಳಲ್ಲಿ ಒಂಬತ್ತನ್ನು ಸೋತಾಗಲೂ ಟಿ.ವಿ. ಹಣದ ಪಾಲು ಅದರ ಬಾಗಿಲಿಗೆ ತಪ್ಪದೆ ಬಂದಿದೆ. ಗೆದ್ದರೂ ಬರುತ್ತದೆ, ಸೋತರೂ ಬರುತ್ತದೆ. ಇದನ್ನು ಆ ಟಿಪ್ಪಣಿಯಲ್ಲಿ ಹೇಳಬೇಕಿತ್ತು, ಹೇಳಲಿಲ್ಲ.

ನಿಮ್ಮ ಪತ್ರದಲ್ಲಿ ನಾನು ಒಪ್ಪದಿರುವುದು ಒಂದೇ ಮಾತು. ಆದರೆ ಮಿಕ್ಕದ್ದೆಲ್ಲ ಅದರ ಮೇಲೇ ನಿಂತಿದೆ. ನೀವು ‘ದುಡ್ಡು’ ಎನ್ನುವಾಗ ಎರಡು ಬೇರೆ ಬೇರೆ ದುಡ್ಡನ್ನು ಒಂದೇ ಚೀಲಕ್ಕೆ ಹಾಕುತ್ತಿದ್ದೀರಿ. ಒಂದು, ಆಟಗಾರನ ಕೈಗೆ ಹೋಗುವ ದುಡ್ಡು. ಇನ್ನೊಂದು, ಟಿ.ವಿ. ವಾಹಿನಿಗಳಿಂದ ಕೂಟಗಳಿಗೆ ಹೋಗುವ ದುಡ್ಡು. ಮೊದಲನೆಯದು ಆಟವನ್ನು ಒಂದಿಷ್ಟು ತೆರೆದಿದೆ. ಪುಲ್‌ಮನ್ನನ್ನು ಒಕ್ಕಲೆಬ್ಬಿಸಿದ್ದು ಎರಡನೆಯದು.

ಈ ಆಟ ನೋಡದ ಓದುಗರಿಗಾಗಿ ಎರಡು ಸಾಲು. ಇದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಅಮೆರಿಕದಲ್ಲಿ ಕಾಲೇಜ್ ಫುಟ್‌ಬಾಲ್ ಎಂದರೆ ನಮ್ಮ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಂಥದ್ದಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಮೈದಾನದಲ್ಲೇ ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ವಿಶ್ವವಿದ್ಯಾಲಯಗಳು ಕಾನ್ಫರೆನ್ಸ್ ಎಂಬ ಕೂಟಗಳನ್ನು ಮಾಡಿಕೊಂಡು ಹೆಚ್ಚಾಗಿ ತಮ್ಮತಮ್ಮಲ್ಲೇ ಆಡುತ್ತವೆ, ಪ್ರಸಾರ ಹಕ್ಕನ್ನೂ ಕೂಟವಾಗಿಯೇ ಮಾರುತ್ತವೆ. ಯಾವ ಕೂಟದಲ್ಲಿದ್ದೀರಿ ಎಂಬುದರ ಮೇಲೆ ನಿಮ್ಮ ವರ್ಷದ ಆದಾಯ.

ಈಗ ‘ಮೊದಲು ಎಲ್ಲರೂ ಒಂದೇ ಗೆರೆಯಿಂದ’ ಎಂಬ ಮಾತಿಗೆ ಬರೋಣ. ನಿಮ್ಮ ವಾಷಿಂಗ್ಟನ್ ಸ್ಟೇಟ್ 1931ರಲ್ಲಿ ರೋಸ್ ಬೌಲ್ ಆಡಿತು, ಹೊಸ ವರ್ಷದಲ್ಲಿ ಆಯ್ದ ಎರಡು ತಂಡಗಳಷ್ಟೇ ಆಡುವ ಪ್ರತಿಷ್ಠೆಯ ಪಂದ್ಯವದು. ಮತ್ತೆ ಆಡಿದ್ದು 1998ರಲ್ಲಿ. ನಡುವೆ 67 ವರ್ಷ! ಒಂದೇ ಗೆರೆಯಿಂದ ಓಡುವವರು ಇಷ್ಟು ಹಿಂದೆ ಬೀಳುವುದಿಲ್ಲ. 2006ರಿಂದ 2022ರವರೆಗಿನ 17 ರಾಷ್ಟ್ರೀಯ ಪ್ರಶಸ್ತಿಗಳಲ್ಲಿ 13 ದಕ್ಷಿಣ ರಾಜ್ಯಗಳ ಎಸ್‌ಇಸಿ ಎಂಬ ಒಂದೇ ಕೂಟಕ್ಕೆ ಹೋದವು, ಅದರಲ್ಲೂ ಆರು ಅಲಬಾಮಾ ಒಂದಕ್ಕೇ. ಹುಡುಗರಿಗೆ ಅಧಿಕೃತವಾಗಿ ಒಂದು ಡಾಲರೂ ಸಂಬಳವಿಲ್ಲದ ಕಾಲ ಅದರ ಬಹುಭಾಗ.

‘ಅಧಿಕೃತವಾಗಿ’ ಎಂದು ಬೇಕೆಂದೇ ಬರೆದೆ. ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯವಿದೆ. ಎಸ್‌ಎಂಯು ಎಂದೇ ಹೆಸರು. ಅಲ್ಲಿಯ ಶ್ರೀಮಂತ ಅಭಿಮಾನಿಗಳ ಗುಪ್ತ ನಿಧಿಯಿಂದ 13 ಆಟಗಾರರಿಗೆ ಒಟ್ಟು 61,000 ಡಾಲರ್ ಸಂದಾಯವಾಗಿತ್ತು. ಪಾವತಿ ಮುಂದುವರಿಯಲಿ ಎಂಬ ತೀರ್ಮಾನದಲ್ಲಿ ತಾನೂ ಇದ್ದೆ ಎಂದು ರಾಜ್ಯದ ಗವರ್ನರ್ ಬಿಲ್ ಕ್ಲೆಮೆಂಟ್ಸ್ ಅವರೇ ಒಪ್ಪಿಕೊಂಡರು. 1987ರಲ್ಲಿ ಕಾಲೇಜ್ ಕ್ರೀಡೆಯ ಆಡಳಿತ ಮಂಡಳಿ ಎನ್‌ಸಿಎಎ ಆ ವರ್ಷದ ಇಡೀ ಋತುವನ್ನೇ ರದ್ದು ಮಾಡಿತು. ಮರುವರ್ಷ ತಂಡ ಕಟ್ಟಲೂ ಆಗದೆ ಎಸ್‌ಎಂಯು ತಾನಾಗಿಯೇ ಹಿಂದೆ ಸರಿಯಿತು. ಇದಕ್ಕೆ ಅಲ್ಲಿನವರು ಇಟ್ಟ ಹೆಸರು ‘ಮರಣದಂಡನೆ’. 2025-26ರಲ್ಲಿ ಅದೇ ಎಸ್‌ಎಂಯು ತನ್ನ ಕ್ರೀಡಾಪಟುಗಳಿಗೆ 2.05 ಕೋಟಿ ಡಾಲರ್‌ವರೆಗೆ ಹಂಚಬಹುದಿತ್ತು, ನ್ಯಾಯಾಲಯದ ಒಪ್ಪಿಗೆಯೊಂದಿಗೆ.

ಅಂದರೆ ದುಡ್ಡು ಹೊಸದಾಗಿ ಬಂದದ್ದಲ್ಲ, ಮೇಜಿನ ಕೆಳಗಿದ್ದದ್ದು ಮೇಲೆ ಬಂತು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆಲ್ಸ್‌ಟನ್ ಪ್ರಕರಣದಲ್ಲಿ ಎನ್‌ಸಿಎಎ ವಿರುದ್ಧ ಒಮ್ಮತದ ತೀರ್ಪು ಕೊಟ್ಟಿತು. ಹತ್ತೇ ದಿನಕ್ಕೆ ಆಟಗಾರರು ತಮ್ಮ ಹೆಸರು, ಮುಖ ಮಾರಿಕೊಳ್ಳಲು ಅನುಮತಿ ಸಿಕ್ಕಿತು. ಅದೇ ವರ್ಷ ಇನ್ನೊಂದು ನಿಯಮವೂ ಬಿತ್ತು. ಅಲ್ಲಿಯವರೆಗೆ ಕಾಲೇಜು ಬದಲಿಸಿದ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಸುಮ್ಮನೆ ಕೂರಬೇಕಿತ್ತು. ಈಗ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಹೊರಟರೆ ಮುಂದಿನ ಋತುವಿಗೇ ಆಡಬಹುದು. ನನ್ನ ಮಟ್ಟಿಗೆ ಇದರ ಪರಿಣಾಮ ಸಂಬಳಕ್ಕಿಂತ ದೊಡ್ಡದು. ಅಲಬಾಮಾ, ಜಾರ್ಜಿಯಾದಂಥ ತಂಡಗಳ ಬಲವಿದ್ದದ್ದು ಮೈದಾನದಲ್ಲಿ ಆಡುವ ಹನ್ನೊಂದು ಮಂದಿಯಲ್ಲಷ್ಟೇ ಅಲ್ಲ, ಬೆಂಚಿನಲ್ಲಿ. ಬೇರೆ ಕಡೆ ಮೊದಲ ದಿನದಿಂದಲೇ ಆಡಬಹುದಾಗಿದ್ದ ಹುಡುಗರು ಅಲ್ಲಿ ಎರಡು ಮೂರು ವರ್ಷ ಸರದಿ ಕಾಯುತ್ತಿದ್ದರು. ಆ ಬೆಂಚು ಈಗ ಎದ್ದು ನಡೆಯತೊಡಗಿದೆ. 2022ರ ನಂತರ ಎಸ್‌ಇಸಿಗೆ ರಾಷ್ಟ್ರೀಯ ಪ್ರಶಸ್ತಿ ಸಿಕ್ಕಿಲ್ಲ. 2024ರ ಅಕ್ಟೋಬರ್‌ನಲ್ಲಿ ವ್ಯಾಂಡರ್‌ಬಿಲ್ಟ್ ತಂಡ ಅಲಬಾಮಾವನ್ನು 40-35ರಿಂದ ಸೋಲಿಸಿತು, ನಲವತ್ತು ವರ್ಷಗಳಲ್ಲಿ ಮೊದಲ ಸಲ. ತಂಡವನ್ನು ಮುನ್ನಡೆಸಿದ ಡಿಯಾಗೊ ಪಾವಿಯಾ ನ್ಯೂ ಮೆಕ್ಸಿಕೊ ಸ್ಟೇಟ್‌ನಿಂದ ವಲಸೆ ಬಂದವನು. ಜನ ಗೋಲ್ ಕಂಬವನ್ನೇ ಕಿತ್ತು, ಹೆಗಲ ಮೇಲೆ ಹೊತ್ತು ನ್ಯಾಶ್‌ವಿಲ್ ಬೀದಿಗಳಲ್ಲಿ ಮೆರವಣಿಗೆ ಮಾಡಿ ಕಂಬರ್ಲೆಂಡ್ ನದಿಗೆ ಎಸೆದರು. ಗಣಪತಿ ಬಿಟ್ಟು ಬಂದಂತಿತ್ತು ದೃಶ್ಯ.

ಇಂಡಿಯಾನಾ ಕಥೆಯೂ ಇದೇ ಬಾಗಿಲಿನಿಂದ ಬಂದದ್ದು. ಕೋಚ್ ಕರ್ಟ್ ಸಿಗ್ನೆಟ್ಟಿ ತಮ್ಮ ಹಿಂದಿನ ಕಾಲೇಜಾದ ಜೇಮ್ಸ್ ಮ್ಯಾಡಿಸನ್‌ನಿಂದ ಹನ್ನೆರಡಕ್ಕೂ ಹೆಚ್ಚು ಹುಡುಗರನ್ನು ಜೊತೆಗೇ ಕರೆತಂದರು. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಹಿಡಿದು ತಂಡದ ದಾಳಿ ನಡೆಸುವ ಆಟಗಾರ, ಫರ್ನಾಂಡೊ ಮೆಂಡೋಸಾ ಬಂದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ. 16 ಪಂದ್ಯ, 16 ಗೆಲುವು.

ಇನ್ನು ಹುಡುಗರ ಸಂಬಳ ಕಂಡು ಕೋಪಗೊಳ್ಳುವವರಿಗೆ ಒಂದು ಮಾತು. 2023ರಲ್ಲಿ ಟೆಕ್ಸಸ್ ಎ ಅಂಡ್ ಎಂ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದುಹಾಕಿದಾಗ ಅವರಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರಿಗೂ ಹೆಚ್ಚು. ಕೆಲಸ ಮಾಡದೇ ಇರುವುದಕ್ಕೆ! ‘ದುಡ್ಡೇ ದೊಡ್ಡಪ್ಪ’ ಎಂದಿದ್ದೀರಿ. ಗಾದೆಯ ಉಳಿದರ್ಧ ‘ವಿದ್ಯೆ ಅದರಪ್ಪ’. ಇವೆಲ್ಲ ವಿಶ್ವವಿದ್ಯಾಲಯಗಳು ಎಂಬುದನ್ನು ನಾನೂ ಆಗಾಗ ಮರೆಯುತ್ತೇನೆ.

ಈಗ ಇನ್ನೊಂದು ದುಡ್ಡಿಗೆ ಬರುತ್ತೇನೆ. ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ.

1984ರವರೆಗೆ ಟಿ.ವಿ. ಪ್ರಸಾರ ಎನ್‌ಸಿಎಎ ಕೈಯಲ್ಲಿತ್ತು. ಒಂದು ತಂಡ ಎರಡು ವರ್ಷಕ್ಕೆ ಆರು ಸಲಕ್ಕಿಂತ ಹೆಚ್ಚು ಪರದೆಯ ಮೇಲೆ ಬರುವಂತಿರಲಿಲ್ಲ. ಒಕ್ಲಹೋಮಾ, ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು, ಸುಪ್ರೀಂ ಕೋರ್ಟಿನಲ್ಲಿ 7-2ರಿಂದ ಗೆದ್ದವು. ಪ್ರಸಾರ ಹಕ್ಕು ಎನ್‌ಸಿಎಎ ಕೈತಪ್ಪಿ ವಿಶ್ವವಿದ್ಯಾಲಯಗಳ, ಕೂಟಗಳ ಕೈಗೆ ಬಂತು. ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್, ಹಿಂದೆ ಕೊಲೊರಾಡೊ ಪರ ಆಡಿ ಹೆಸರಾದವರು. ಕಾಲೇಜ್ ಆಟವನ್ನು ಮಾಮೂಲಿ ವ್ಯಾಪಾರದ ಹಾಗೆ ಅಳೆಯಬಾರದು ಎಂಬುದು ಅವರ ವಾದವಾಗಿತ್ತು. ಕಾನೂನಿನ ಪ್ರಕಾರ ಬಹುಮತದ ತೀರ್ಪೇ ಸರಿಯಿದ್ದೀತು. ಆದರೆ ಮೈದಾನ ಬಲ್ಲವರು ಯಾರು ಎಂದು ಕೇಳಿದರೆ ನಾನು ವೈಟ್ ಹೆಸರು ಹೇಳುತ್ತೇನೆ.

ಆಮೇಲಿನದ್ದು ನಿಮಗೇ ಗೊತ್ತು. 2022ರ ಜೂನ್ 30ರಂದು ಲಾಸ್ ಏಂಜಲಿಸ್‌ನ ಎರಡು ದೊಡ್ಡ ಸಂಸ್ಥೆಗಳಾದ ಯುಎಸ್‌ಸಿ, ಯುಸಿಎಲ್‌ಎ ಪಶ್ಚಿಮ ಕರಾವಳಿಯ ಪ್ಯಾಕ್-12 ಕೂಟ ಬಿಟ್ಟು ಬಿಗ್ ಟೆನ್‌ಗೆ ಹೋಗುವುದಾಗಿ ಘೋಷಿಸಿದವು. ಒಂದೂವರೆ ತಿಂಗಳಿಗೆ ಬಿಗ್ ಟೆನ್ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮಿಕ್ಕ ಪ್ರಸಾರ ಒಪ್ಪಂದ ಮಾಡಿಕೊಂಡಿತು. 2023ರ ಆಗಸ್ಟ್ 4ರ ಒಂದೇ ದಿನ ಪ್ಯಾಕ್-12ರಿಂದ ಇನ್ನೂ ಐದು ವಿಶ್ವವಿದ್ಯಾಲಯಗಳು ಎದ್ದು ಹೋದವು. ಒರೆಗಾನ್ ಮತ್ತು ವಾಷಿಂಗ್ಟನ್, ಹಳಬರಿಗಿಂತ ಬಹಳ ಕಡಿಮೆ ಪಾಲಿಗೆ ಒಪ್ಪಿ, ಬಿಗ್ ಟೆನ್‌ಗೆ. ಉಳಿದ ಮೂರು ಬಿಗ್ 12 ಎಂಬ ಇನ್ನೊಂದು ಕೂಟಕ್ಕೆ. ಸ್ಟ್ಯಾನ್‌ಫರ್ಡ್, ಬರ್ಕ್ಲಿ ಸೇರಿದ್ದು ಅಟ್ಲಾಂಟಿಕ್ ಕರಾವಳಿಯ ಎಸಿಸಿ ಕೂಟಕ್ಕೆ, ಅದೂ ಏಳು ವರ್ಷ ಟಿ.ವಿ. ಹಣದ ಶೇ 30ರಷ್ಟೇ ಪಾಲಿಗೆ. ಬೇ ಏರಿಯಾದಲ್ಲಿ ನಮ್ಮ ಓದುಗರು ಬಹಳ ಮಂದಿ ಇದ್ದಾರೆ. ತಾವು ಯಾವ ಸಾಗರದ ದಡದಲ್ಲಿದ್ದೇವೆ ಎಂದು ಅವರೇ ಹೇಳಲಿ. 1915ರಲ್ಲಿ ಹುಟ್ಟಿದ ಕೂಟದಲ್ಲಿ ಕೊನೆಗೆ ಉಳಿದವರು ಇಬ್ಬರು: ಒರೆಗಾನ್ ಸ್ಟೇಟ್ ಮತ್ತು ನಿಮ್ಮ ವಾಷಿಂಗ್ಟನ್ ಸ್ಟೇಟ್.

ಇವೆರಡೂ ಕೆಟ್ಟದಾಗಿ ಆಡಿದವು ಎಂದೇನೂ ಅಲ್ಲ. ಗೋಧಿ ಬೆಳೆಯುವ ಗುಡ್ಡಗಳ ನಡುವಿನ ಪುಲ್‌ಮನ್‌ನಲ್ಲಿ ಟಿ.ವಿ.ಗಳು ಕಡಿಮೆ, ಅಷ್ಟೇ.

ಕೆಟ್ಟದಾಗಿ ಆಡಲಿಲ್ಲ ಎಂಬುದಕ್ಕೆ 2024ರ ಸೆಪ್ಟೆಂಬರ್ 14ರ ಆಪಲ್ ಕಪ್ ಸಾಕು. ವಾಷಿಂಗ್ಟನ್ ರಾಜ್ಯದ ಎರಡು ವಿಶ್ವವಿದ್ಯಾಲಯಗಳ ನಡುವಿನ ಪಂದ್ಯವದು. ಬಿಟ್ಟು ಹೋದ ವಾಷಿಂಗ್ಟನ್ ಒಂದು ಕಡೆ, ಬಿಡಲ್ಪಟ್ಟ ವಾಷಿಂಗ್ಟನ್ ಸ್ಟೇಟ್ ಇನ್ನೊಂದು ಕಡೆ, ಸಿಯಾಟಲ್‌ನಲ್ಲಿ. ಕೊನೆಯ ಗಳಿಗೆಯಲ್ಲಿ 24-19, ಪುಲ್‌ಮನ್ ಮುಂದೆ. ಚೆಂಡು ಅವರ ಗೋಲ್ ಗೆರೆಯಿಂದ ಒಂದೇ ಗಜ ದೂರ, ವಾಷಿಂಗ್ಟನ್‌ಗೆ ನಾಲ್ಕನೇ, ಅಂದರೆ ಕೊನೆಯ ಯತ್ನ. ಕ್ವಾರ್ಟರ್‌ಬ್ಯಾಕ್ ಪಕ್ಕಕ್ಕೆ ಓಡಿ ಜೊತೆಗಾರನತ್ತ ಚೆಂಡು ಹಾಕಿದ. ಅವನು ಗೆರೆಯತ್ತ ತಿರುಗುವಷ್ಟರಲ್ಲಿ ಪುಲ್‌ಮನ್ ಹುಡುಗರು ಮೈಮೇಲೆ ಬಿದ್ದು ಕೆಡವಿದರು. ನಾನು ನೋಡಿದ್ದು ಫೋನಿನಲ್ಲಿ, ಕಣ್ಣಲ್ಲಿ ನಿದ್ದೆ ತುಂಬಿಕೊಂಡು. ಆದರೂ ಎದ್ದು ನಿಂತೆ.

ಆ ದಿನ ಗೆಲ್ಲಿಸಿದ ಕ್ವಾರ್ಟರ್‌ಬ್ಯಾಕ್ ಜಾನ್ ಮಟೀರ್ ಡಿಸೆಂಬರ್‌ನಲ್ಲಿ ಒಕ್ಲಹೋಮಾಕ್ಕೆ ಹೋದ. ಕೋಚ್ ಜೇಕ್ ಡಿಕರ್ಟ್ ವೇಕ್ ಫಾರೆಸ್ಟ್‌ಗೆ ಹೋದರು. ಬದಲಿಗೆ ಬಂದ ಜಿಮ್ಮಿ ರಾಜರ್ಸ್ ಒಂದೇ ಋತು ಮುಗಿಸಿ ಅಯೋವಾ ಸ್ಟೇಟ್‌ಗೆ ಹೊರಟರು. 2025ರ ಆಪಲ್ ಕಪ್ ಪುಲ್‌ಮನ್‌ನಲ್ಲೇ ನಡೆಯಿತು: ವಾಷಿಂಗ್ಟನ್ 59, ವಾಷಿಂಗ್ಟನ್ ಸ್ಟೇಟ್ 24.

ಮಟೀರ್ ಹೋದದ್ದು ಪೋರ್ಟಲ್‌ನಿಂದ, ಸಂಬಳದ ಆಸೆಯಿಂದ ಅಲ್ಲವೇ ಎಂದು ನೀವು ಕೇಳಬಹುದು. ಇರಬಹುದು. ಆದರೆ ಅದೇ ಪೋರ್ಟಲ್ 2022ರಲ್ಲಿ ನಿಮಗೆ ಕ್ಯಾಮ್ ವಾರ್ಡ್‌ನನ್ನು ತಂದುಕೊಟ್ಟಿತ್ತು, ಇನ್‌ಕಾರ್ನೇಟ್ ವರ್ಡ್ ಎಂಬ ಸಣ್ಣ ಕಾಲೇಜಿನಿಂದ. ಎರಡು ವರ್ಷ ಆಡಿ ಮಯಾಮಿಗೆ ಹೋದ ಅವನು 2025ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ಹುಡುಗರು ಬರುವುದು ಹೋಗುವುದು ಎರಡೂ ಇದ್ದಾಗ ಅದು ಸಂತೆ. ಪ್ಯಾಕ್-12 ಕುಸಿದ ಮೇಲೆ ಉಳಿಸಿಕೊಳ್ಳುವ ಗಂಟು ಕರಗಿ, ಹೋಗುವುದೇ ಹೆಚ್ಚಾಯಿತು. ಪೋರ್ಟಲ್ ಇಲ್ಲದಿದ್ದರೂ ಕೋಚ್‌ಗಳು ಹೋಗುತ್ತಿದ್ದರು. ಕೋಚ್‌ಗಳನ್ನು ಯಾವ ಕಾಲದಲ್ಲೂ ಯಾರೂ ತಡೆದಿಲ್ಲ.

ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇ ಆಫ್ ಪಂದ್ಯಗಳ ಹಣ ಹಂಚುವ ಪಂಕ್ತಿ ನೋಡಿ. 2026ರಿಂದ ಬಿಗ್ ಟೆನ್, ಎಸ್‌ಇಸಿಗೆ ತಲಾ ಶೇ 29ರಷ್ಟು. ಎಸಿಸಿಗೆ 17, ಬಿಗ್ 12ಕ್ಕೆ 15ರ ಆಸುಪಾಸು. ಉಳಿದ ಕೂಟಗಳ ಅರವತ್ತಕ್ಕೂ ಹೆಚ್ಚು ತಂಡಗಳಿಗೆ ಬಾಳೆಲೆಯ ತುದಿ. ಆಟಗಾರರಿಗೆ ಒಂದೇ ಮಿತಿಯವರೆಗೆ ಹಂಚಲು ಎಲ್ಲರಿಗೂ ಅನುಮತಿ ಇದೆ, ನಿಜ. ಅನುಮತಿ ಬ್ಯಾಂಕಿನಲ್ಲಿ ನಡೆಯುವುದಿಲ್ಲ. ಐಪಿಎಲ್ ಹರಾಜಿನಲ್ಲಿ ಎಲ್ಲ ತಂಡಗಳ ಕೈಗೂ ಒಂದೇ ಮಿತಿಯ ಚೀಲ ಸಿಗುತ್ತದೆ. ಇಲ್ಲಿ ಮಿತಿ ಒಂದೇ, ಚೀಲ ಬೇರೆ ಬೇರೆ. 2025ರ ಪ್ಲೇ ಆಫ್‌ಗೆ ಜೇಮ್ಸ್ ಮ್ಯಾಡಿಸನ್, ಟುಲೇನ್ ಎಂಬ ಎರಡು ಸಣ್ಣ ತಂಡಗಳು ಬಂದವು. ಮೊದಲ ಸುತ್ತಿನಲ್ಲೇ ಸೋತವು. ಆಡುವ ಹೊತ್ತಿಗೆ ಎರಡರ ಕೋಚ್‌ಗಳೂ ದೊಡ್ಡ ಕೂಟದ ಕೆಲಸ ಒಪ್ಪಿಕೊಂಡಾಗಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ದೊಡ್ಡ ಕೂಟಗಳ ಬೇಲಿಯ ಒಳಗೆ ಸ್ಪರ್ಧೆ ನಾನು ಕಂಡ ಯಾವ ಕಾಲಕ್ಕಿಂತಲೂ ಚೆನ್ನಾಗಿದೆ. ಇಂಡಿಯಾನಾ ಗೆದ್ದದ್ದು ಒಳಗಿದ್ದುಕೊಂಡು. ಹಿಂದೆಯೂ ಬೇಲಿ ಇತ್ತು. ಆದರೆ ಮಲೆನಾಡಿನ ಬೇಲಿಗೆ ದಣಪೆ ಇರುವ ಹಾಗೆ, ಗಳ ಸರಿಸಿ ನುಗ್ಗುವ ಜಾಗವೂ ಇತ್ತು. 67 ವರ್ಷ ಕಾದರೂ 1998ರಲ್ಲಿ ಪುಲ್‌ಮನ್ ನುಗ್ಗಿತಲ್ಲ, ಹಾಗೆ. ಈಗ ನುಗ್ಗಬೇಕಾದರೆ ಎಸ್‌ಎಂಯು ಮಾಡಿದಂತೆ ಮಾಡಬೇಕು. ಒಂಬತ್ತು ವರ್ಷ ಎಸಿಸಿಯ ಟಿ.ವಿ. ಹಣವೇ ಬೇಡವೆಂದು ಬರೆದುಕೊಟ್ಟು, ದಾನಿಗಳ ಜೇಬಿನಿಂದ ಬದುಕುತ್ತೇವೆಂದು ಹೇಳಿ ಅವರು 2024ರಲ್ಲಿ ಒಳಗೆ ಬಂದರು. ಮೊದಲ ವರ್ಷವೇ ಪ್ಲೇ ಆಫ್‌ಗೂ ಹೋದರು. ಗೋಧಿ ಸೀಮೆಯಲ್ಲಿ ತೈಲ ಬಾವಿಯ ದಾನಿಗಳು ಸಿಗುವುದಿಲ್ಲ.

2026ರಿಂದ ಪ್ಯಾಕ್-12 ಹೊಸದಾಗಿ ಶುರುವಾಗುತ್ತದೆ, ಬಾಯ್ಸಿ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್ ಮುಂತಾದವರನ್ನು ಕೂಡಿಕೊಂಡು. ಹೆಸರು ಹಳೆಯದು, ಮನೆ ಹೊಸದು. ಆಪಲ್ ಕಪ್ ಒಪ್ಪಂದ 2028ರವರೆಗೆ ಇದೆ. ಮಗಳೊಂದಿಗೆ ಪಂದ್ಯಕ್ಕೆ ಹೋದರೆ ಎರಡು ಸಾಲು ಬರೆದು ಕಳಿಸಿ. ಇಂಡಿಯಾನಾ ಟಿಪ್ಪಣಿಗೆ ಕೊಟ್ಟಷ್ಟೇ ಜಾಗ ಕೊಡುತ್ತೇನೆ.

– ಸಂ.