ಸಲಾಮಿ ಮತ್ತು ಒಣಮೀನು: ಎರಡರ ಅಪಾಯವೂ ಒಂದೆಯೇ?

ಪ್ರಶ್ನೆ: ನನಗೆ 61 ವರ್ಷ. ಕಾರವಾರದ ಬೈತಖೋಲದಲ್ಲಿ ನಮ್ಮ ಮನೆ. ಐದು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಗನಿಗೆ ಗೋವಾದಲ್ಲಿ ಕೆಲಸ. ಪ್ರತಿ ಶನಿವಾರ ಬರುವಾಗ ಸಲಾಮಿ, ಹ್ಯಾಮ್, ಚಿಕನ್ ಸಾಸೇಜ್ ಎಂಬ ಸಿದ್ಧ ಮಾಂಸದ ಪೊಟ್ಟಣಗಳನ್ನು ತರುತ್ತಾನೆ. ಅವು ಫ್ರಿಜ್ಜಿನಲ್ಲಿ ಇರುವಷ್ಟು ದಿನವೂ ಏಳು ವರ್ಷದ ಮೊಮ್ಮಗ ಬೆಳಗಿನ ತಿಂಡಿಗೆ ಬೇರೇನನ್ನೂ ಮುಟ್ಟುವುದಿಲ್ಲ. ಸೊಸೆ ಈಗ ನಾಲ್ಕು ತಿಂಗಳ ಗರ್ಭಿಣಿ. ಅವಳೂ ಬ್ರೆಡ್ಡಿನ ನಡುವೆ ತಣ್ಣನೆಯ ಹ್ಯಾಮ್ ಇಟ್ಟುಕೊಂಡು ತಿನ್ನುತ್ತಾಳೆ. ಇವುಗಳಿಂದ ಕ್ಯಾನ್ಸರ್ ಬರುತ್ತದಂತೆ ಎಂದು ನಾನು ಹೇಳಿದರೆ, "ಅಮ್ಮಾ, ಮಳೆಗಾಲವಿಡೀ ನೀನು ತಿನ್ನುವ ಒಣಮೀನೂ ಉಪ್ಪು ಹಾಕಿ ಇಟ್ಟದ್ದೇ ಅಲ್ಲವೇ?" ಎಂದು ಮಗ ನನ್ನ ಬಾಯಿ ಮುಚ್ಚಿಸುತ್ತಾನೆ. ನಮ್ಮಿಬ್ಬರಲ್ಲಿ ಯಾರ ಮಾತು ಸರಿ?
– ಓದುಗರೊಬ್ಬರು, ಕಾರವಾರ

ಉತ್ತರ: ನಿಮ್ಮ ಮಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವು ನಿಮ್ಮ ರಕ್ತದೊತ್ತಡಕ್ಕೆ ಸಂಬಂಧಿಸಿದ್ದು. ಅದನ್ನು ಕೊನೆಗೆ ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು ನಿಮ್ಮ ಸೊಸೆಯ ವಿಷಯ, ಏಕೆಂದರೆ ಅದು ಇಂದೇ ಬದಲಾಗಬೇಕಾದದ್ದು. ತಣ್ಣಗೆ ಹಾಗೆಯೇ ತಿನ್ನುವ ಹ್ಯಾಮ್ ಮತ್ತು ಸಲಾಮಿಯಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಇರುವ ಸಂಭವವಿದ್ದು, ಅದು ಫ್ರಿಜ್ಜಿನ ಚಳಿಯಲ್ಲಿಯೂ ಬೆಳೆಯಬಲ್ಲದು. ತಾಯಿಗೆ ಸಣ್ಣ ಜ್ವರದಂತೆ ಕಾಣಿಸಿಕೊಂಡು ಹೋಗುವ ಈ ಸೋಂಕು ಗರ್ಭಪಾತಕ್ಕೆ ಅಥವಾ ನವಜಾತ ಶಿಶುವಿನ ಗಂಭೀರ ಕಾಯಿಲೆಗೆ ಕಾರಣವಾಗಬಹುದು. ಹೆರಿಗೆಯಾಗುವವರೆಗೆ ಅವರು ಇವುಗಳನ್ನು ಬಿಡುವುದೇ ಲೇಸು. ತೀರಾ ಆಸೆಯಾದ ದಿನ ಒಳಗೂ ಹೊರಗೂ ಹಬೆಯಾಡುವಷ್ಟು ಬಿಸಿ ಮಾಡಿಯೇ ತಿನ್ನಲಿ.

ಇನ್ನು ಕ್ಯಾನ್ಸರಿನ ವಿಷಯ. ಉಪ್ಪು ಹಾಕಿ, ಹುದುಗಿಸಿ, ಹೊಗೆಯಲ್ಲಿಟ್ಟು ಅಥವಾ ರಾಸಾಯನಿಕ ಬೆರೆಸಿ ಕೆಡದಂತೆ ಮಾಡಿದ ಮಾಂಸವನ್ನು ಸಂಸ್ಕರಿತ ಮಾಂಸ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 10 ದೇಶಗಳ 22 ತಜ್ಞರನ್ನು ಕೂಡಿಸಿ, 800ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, 2015ರ ಅಕ್ಟೋಬರಿನಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕೂ ಅದೇ ಗುಂಪಿನಲ್ಲಿದೆ. ಹಾಗೆಂದು ಸಾಸೇಜ್ ತಿನ್ನುವುದೂ ಬೀಡಿ ಸೇದುವುದೂ ಸಮವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಗುಂಪು ತಿಳಿಸುವುದು ಸಾಕ್ಷ್ಯ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಮಾತ್ರ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಕ್ಯಾನ್ಸರ್ ಸಾವುಗಳಿಗೆ ತಂಬಾಕು ಕಾರಣವಾದರೆ, ಸಂಸ್ಕರಿತ ಮಾಂಸ ಹೆಚ್ಚಿರುವ ಆಹಾರದಿಂದ ಆಗುವ ಸಾವುಗಳು ಸುಮಾರು 34,000 ಎಂಬುದು ಆಗಿನ ಅಂದಾಜು.

ದಿನಕ್ಕೆ 50 ಗ್ರಾಂ, ಅಂದರೆ ಸುಮಾರು ಒಂದು ಸಾಸೇಜಿನಷ್ಟನ್ನು, ಪ್ರತಿದಿನವೂ ತಿನ್ನುವವರಲ್ಲಿ ದೊಡ್ಡ ಕರುಳು ಹಾಗೂ ಗುದನಾಳದ ಕ್ಯಾನ್ಸರಿನ ಸಂಭವ ಶೇ 18ರಷ್ಟು ಹೆಚ್ಚುತ್ತದೆ ಎಂದು ಆ ತಜ್ಞರು ಲೆಕ್ಕ ಹಾಕಿದರು. ಇದರ ಅರ್ಥ ನೂರರಲ್ಲಿ ಹದಿನೆಂಟು ಜನರಿಗೆ ಕಾಯಿಲೆ ಬರುತ್ತದೆ ಎಂದಲ್ಲ. ಒಂದು ಸಮುದಾಯದಲ್ಲಿ ನೂರಕ್ಕೆ ಐವರಿಗೆ ಬರುವುದಿದ್ದರೆ, ಎಲ್ಲರೂ ನಿತ್ಯ ತಿಂದಾಗ ಅದು ಆರರ ಹತ್ತಿರ ಹೋಗುತ್ತದೆ ಎಂದು. ಒಬ್ಬ ವ್ಯಕ್ತಿಗೆ ಇದು ಸಣ್ಣ ಹೆಚ್ಚಳ. ಆದರೆ ಏಳನೆಯ ವಯಸ್ಸಿಗೇ ಬೇರೂರಿದ ಅಭ್ಯಾಸ ಐವತ್ತು ವರ್ಷ ಮುಂದುವರಿಯಬಹುದು ಎಂಬುದನ್ನು ನೆನೆದಾಗ, ಮೊಮ್ಮಗನ ಬಗ್ಗೆ ನಿಮಗಿರುವ ಆತಂಕ ನನಗೆ ಸಕಾರಣವಾಗಿಯೇ ಕಾಣುತ್ತದೆ.

ಈ ಮಾಂಸದಿಂದ ಕ್ಯಾನ್ಸರ್ ಹೇಗೆ ಬರುತ್ತದೆ ಎಂದರೆ, ಮಾಂಸಕ್ಕೆ ಗುಲಾಬಿ ಬಣ್ಣ ಉಳಿಯಲೆಂದೂ ಮಾರಕ ವಿಷವನ್ನು ಉತ್ಪಾದಿಸುವ ಬೊಟುಲಿನಂ ಬ್ಯಾಕ್ಟೀರಿಯಾ ಬೆಳೆಯದಿರಲೆಂದೂ ಸೋಡಿಯಂ ನೈಟ್ರೈಟ್ ಸೇರಿಸುತ್ತಾರೆ. ಪೊಟ್ಟಣದ ಹಿಂಬದಿಯಲ್ಲಿ ಐಎನ್‌ಎಸ್ 250 ಎಂಬ ಸಂಕೇತ ಸೂಚಿಸುವುದು ಇದನ್ನೇ. ಹಿಂದಿನ ಕಾಲದಲ್ಲಿ ಪೆಟ್ಲುಪ್ಪು ಮಾಡುತ್ತಿದ್ದ ಕೆಲಸವೂ ಇದೇ ಆಗಿತ್ತು. ನೈಟ್ರೈಟ್ ಮಾಂಸದ ಪ್ರೋಟೀನಿನಿಂದ ಬಂದ ಅಮೀನುಗಳೊಡನೆ ಕೂಡಿ, ಕಾವಲಿಯ ಹೆಚ್ಚಿನ ಉರಿಯಲ್ಲಿಯೂ ನಮ್ಮ ಹೊಟ್ಟೆಯೊಳಗೂ ಕ್ಯಾನ್ಸರ್ ತರಬಲ್ಲ ನೈಟ್ರೊಸಮೀನಿನಂತಹ ಸಂಯುಕ್ತಗಳಾಗಿ ಮಾರ್ಪಡುತ್ತದೆ. ಹಂದಿ, ದನ, ಕುರಿಗಳ ಕೆಂಪು ಮಾಂಸದಲ್ಲಿರುವ ಹೀಮ್ ಎಂಬ ಕಬ್ಬಿಣದ ಅಂಶ ಈ ಕ್ರಿಯೆಗೆ ಇಂಬು ಕೊಡುತ್ತದೆ. ಕೋಳಿಯಲ್ಲಿ ಹೀಮ್ ಕಡಿಮೆಯೇನೋ ನಿಜ, ಆದರೆ ಚಿಕನ್ ಸಾಸೇಜಿಗೂ ನೈಟ್ರೈಟ್ ಮತ್ತು ಉಪ್ಪು ಬಿದ್ದಿರುವುದರಿಂದ ಅದನ್ನು ತಾಜಾ ಕೋಳಿಯೆಂದು ಲೆಕ್ಕ ಹಾಕುವಂತಿಲ್ಲ.

ಈಗ ಒಣಮೀನು. 2015ರ ತೀರ್ಮಾನದ ವ್ಯಾಪ್ತಿಯಲ್ಲಿ ಮೀನು ಇರಲಿಲ್ಲ. ದಕ್ಷಿಣ ಚೀನಾದಲ್ಲಿ ಉಪ್ಪು ಹಾಕಿ ಕಳಿಯಲು ಬಿಟ್ಟು ತಯಾರಿಸುವ ಒಂದು ಬಗೆಯ ಮೀನನ್ನು, ವಿಶೇಷವಾಗಿ ಎಳೆಯ ವಯಸ್ಸಿನಿಂದ ತಿಂದವರಲ್ಲಿ, ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್ ಹೆಚ್ಚಿರುವುದನ್ನು ಕಂಡು ಅದೇ ಸಂಸ್ಥೆ ಆ ಮೀನನ್ನು ಮೊದಲ ಗುಂಪಿಗೆ ಸೇರಿಸಿದೆ. ಉಳಿದ ಉಪ್ಪುಮೀನುಗಳ ವಿಷಯದಲ್ಲಿ ಹಾಗೆ ಹೇಳಲು ಸಾಕಷ್ಟು ಆಧಾರವಿಲ್ಲವೆಂದು ಬದಿಗಿರಿಸಿದೆ. ನಮ್ಮ ಕರಾವಳಿಯಲ್ಲಿ ಬಂಗಡೆಗೆ ಉಪ್ಪು ಹಾಕಿ ಬಿಸಿಲಿಗೆ ಒಣಗಿಸುವಾಗ ನೈಟ್ರೈಟ್ ಬೆರೆಸುವುದೂ ಇಲ್ಲ. ಆದ್ದರಿಂದ ಕ್ಯಾನ್ಸರಿನ ಮಟ್ಟಿಗೆ ನಿಮ್ಮ ಮಗನ ಹೋಲಿಕೆ ನಿಲ್ಲುವುದಿಲ್ಲ.

ಉಪ್ಪಿನ ಮಟ್ಟಿಗೆ ಮಾತ್ರ ಅವರ ಮಾತು ಸರಿ. ದಿನವೊಂದಕ್ಕೆ ಎಲ್ಲ ಅಡುಗೆಯೂ ಸೇರಿ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗಟ್ಟಿಯಾಗಿ ಉಪ್ಪು ಹಿಡಿದ 100 ಗ್ರಾಂ ಒಣಮೀನಿನಲ್ಲಿ 10 ಗ್ರಾಂಗೂ ಹೆಚ್ಚು ಉಪ್ಪಿರಬಹುದು. ಅಂದರೆ ಊಟದ ಬದಿಗೆ ಸುಟ್ಟು ಇಟ್ಟುಕೊಂಡ ಅಂಗೈಯಗಲದ ತುಂಡೊಂದೇ ಆ ದಿನದ ಪಾಲನ್ನು ಮುಗಿಸಿಬಿಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ದಿನಗಳಲ್ಲಿ ಬೈತಖೋಲದ ಮನೆಯೊಂದಕ್ಕೆ ಒಣಮೀನು ಬೇಡವೆಂದು ಹೇಳುವ ಮನಸ್ಸು ನನಗಿಲ್ಲ; ಅದು ಒಳ್ಳೆಯ ಪ್ರೋಟೀನ್, ಸಣ್ಣ ಮೀನಾದರೆ ಮುಳ್ಳಿನ ಸಮೇತ ಸುಣ್ಣದ ಅಂಶವೂ ಸಿಗುತ್ತದೆ. ಆದರೆ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವ ನೀವು ಅದನ್ನು ವಾರಕ್ಕೆ ಒಂದೆರಡು ಸಲಕ್ಕೆ ಇಳಿಸಬೇಕು, ಆ ದಿನ ಉಪ್ಪಿನಕಾಯಿ ಮತ್ತು ಹಪ್ಪಳವನ್ನು ಬಿಡಬೇಕು.

ಮೊಮ್ಮಗನಿಗೆ ಸಾಸೇಜನ್ನು ಒಮ್ಮೆಲೇ ನಿಷೇಧಿಸಿದರೆ ಹಟವೇ ಹೆಚ್ಚಾದೀತು. ತಂದೆ ಮನೆಯಲ್ಲಿರುವ ಭಾನುವಾರದ ಒಂದು ಹೊತ್ತಿಗೆ ಮಾತ್ರ ಅದನ್ನು ಮೀಸಲಿಟ್ಟು, ಒಂದೇ ಸಣ್ಣ ಪೊಟ್ಟಣ ತರುವಂತೆ ಮಗನಿಗೆ ಹೇಳಿ. ಪೊಟ್ಟಣದ ಮೇಲೆ ಸೋಡಿಯಂ ಎಂದು ಬರೆದ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ: 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಈ ಲೆಕ್ಕವನ್ನು ಅವರೇ ಒಮ್ಮೆ ಮಾಡಿ ನೋಡಲಿ. ಉಳಿದ ದಿನಗಳಲ್ಲಿ ಮೊಟ್ಟೆಯನ್ನೋ ಹಿಂದಿನ ರಾತ್ರಿ ಬೇಯಿಸಿಟ್ಟ ಕೋಳಿಯನ್ನೋ ಬ್ರೆಡ್ಡಿನ ನಡುವೆ ಇಟ್ಟುಕೊಟ್ಟರೆ ಮಗುವಿಗೆ ಬೇಕಾದ ರೂಪವೂ ಉಳಿಯುತ್ತದೆ.

ನಿಮ್ಮ ಒಣಮೀನನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆದು ಸಾರಿಗೆ ಹಾಕಿ. ಬೇರೆ ಉಪ್ಪು ಸೇರಿಸಬೇಡಿ. ಆದಿತ್ಯವಾರದ ಸಂತೆಯಲ್ಲಿ ಕೊಳ್ಳುವಾಗ ಉಪ್ಪಿಲ್ಲದೆ ಒಣಗಿಸಿದ ಶೆಟ್ಲಿ (ಸಿಗಡಿ) ಇದೆಯೇ ಎಂದು ಕೇಳಿ, ಒಂದನ್ನು ನಾಲಗೆಗೆ ತಾಗಿಸಿ ನೋಡಿ ಆರಿಸಿಕೊಳ್ಳಿ. ಉಪ್ಪುಮೀನಿನ ಮೈಮೇಲೆ ಗುಲಾಬಿ ಬಣ್ಣದ ಕಲೆ ಕಂಡರೆ, ಅದು ಕೆಡುತ್ತಿರುವುದರ ಗುರುತು. ಎಷ್ಟು ಅಗ್ಗವಾಗಿ ಕೊಟ್ಟರೂ ಅದನ್ನು ಮನೆಗೆ ತರಬೇಡಿ.